ಎಂಜಿಬಿ ಕೊಳ್ಳೋಕೆ ಹೊರಟಿದ್ದೀರಾ? ಮೊದಲು ಜಾಕ್ ಹಾಕಿ ನೋಡಿ

ಇಂಗ್ಲೆಂಡಿನಲ್ಲಿದ್ದು ಹಳೇ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿಸಿಕೊಂಡಿರೋರು ದಯವಿಟ್ಟು ಓದಿ. 1972ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರು) ತಗೊಂಡು ಟೋಪಿ ಹಾಕಿಸಿಕೊಂಡಿದ್ದೀನಿ. ಅದೇ ದುಡ್ಡಿಗೆ ಮೊದಲ ಮಾದರಿಯ ಮಜ್ದಾ ಎಂಎಕ್ಸ್-5 ಪಕ್ಕದೂರಲ್ಲೇ ಇತ್ತು. "ಅದು ಜಪಾನಿ ಡಬ್ಬ ಬಿಡಿ, ಇದು ಅಸಲಿ. ಸಿಲ್ ಎಲ್ಲಾ ಹೊಸದು" ಅಂದ ಮಾರಿದವನು.

ಸಿಲ್ ಅಂದ್ರೆ ಬಾಗಿಲ ಕೆಳಗೆ ಉದ್ದಕ್ಕೂ ಇರೋ ತಗಡಿನ ಭಾಗ. ಅದು ಹೊಸದೇ. ಹಳೇದರ ಮೇಲೆ ಹೊಸದು!

ಎಂಜಿಬಿಗೆ ಬೇರೆ ಚಾಸಿ ಇಲ್ಲ. ರೋಡ್‌ಸ್ಟರ್‌ಗೆ ಗಟ್ಟಿ ಮೇಲ್ಛಾವಣಿಯೂ ಇಲ್ಲ. ಬಾಗಿಲ ಕೆಳಗಿನ ಆ ಎರಡು ಸಿಲ್ಲೇ ಗಾಡಿಯ ಬೆನ್ನುಮೂಳೆ: ಹೊರಗಿನ ತಗಡು, ಒಳಗಿನ ತಗಡು, ನಡುವೆ ಒಂದು ಅಡ್ಡ ತಗಡು, ಅಡಿಯಲ್ಲಿ ಕ್ಯಾಸಲ್ ರೈಲು ಅನ್ನೋ ಉದ್ದನೆಯ ತಗಡಿನ ಪಟ್ಟಿ. ಹೊರಗಿನ ತಗಡು ಮುಂದಿನ ವಿಂಗ್ (ಚಕ್ರದ ಮೇಲಿನ ಬಾಡಿ ತಗಡು) ಅಡಿಗೂ ಹೋಗುತ್ತೆ, ಹಿಂದಿನದರ ಅಡಿಗೂ ಹೋಗುತ್ತೆ. ಸರಿಯಾಗಿ ಮಾಡೋರು ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ವೆಲ್ಡ್ ಮಾಡಿ, ಮುಂದಿನ ವಿಂಗ್ ಬಿಚ್ಚಿ, ಆಮೇಲೆ ಕತ್ತರಿಸ್ತಾರೆ. ಕಳ್ಳಕೆಲಸದವರು ಕಣ್ಣಿಗೆ ಕಾಣೋಷ್ಟು ಉದ್ದಕ್ಕೆ ಮಾತ್ರ ತಗಡು ಹೊದಿಸಿ ಪೇಂಟ್ ಹೊಡೀತಾರೆ.

ನಾನು ನೋಡಿದ್ದು ಎಂಜಿನ್. ಬಿಸಿಯಾದ ಮೇಲೂ ಆಯಿಲ್ ಪ್ರೆಶರ್ 50 ಪಿಎಸ್‌ಐ ಮೇಲೆ, ಎರಡು ಎಸ್‌ಯು ಕಾರ್ಬುರೇಟರ್ ಗಡಿಯಾರದ ಹಾಗೆ, ಓವರ್‌ಡ್ರೈವ್ (ಎಂಜಿನ್ ವೇಗ ಇಳಿಸೋ ಹೆಚ್ಚುವರಿ ಗೇರ್) ಮೂರನೇ ಗೇರಿಗೂ ನಾಲ್ಕನೇದಕ್ಕೂ ಬೀಳ್ತಿತ್ತು. ಮರುಳಾಗಿಬಿಟ್ಟೆ. ಈ ಎಂಜಿನ್ ಸಾಮಾನು ಬೇಕಾದಷ್ಟು ಸಿಗುತ್ತೆ, ಕೊಳೆತ ಬಾಡಿ ಸರಿಮಾಡೋದೇ ಖರ್ಚು. ಇದು ಗೊತ್ತಿದ್ದೂ!

ಮನೇಲಿ ಸಿಲ್‌ನ ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟು ಎತ್ತಿದೆ. ಬಾಗಿಲ ಸಂದು ಕಣ್ಣೆದುರೇ ಬದಲಾಯ್ತು. ಬಾಗಿಲು ಹಾಕೋಕೆ ಹೋದ್ರೆ ಲಾಕಿಗೆ ಕೂರಲೇ ಇಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ, ಠಣ್ ಅನ್ನಬೇಕಾದ್ದು ಪುಸ್ ಅಂತು. ಕ್ಯಾಸಲ್ ರೈಲು ಕೈಗೇ ಪುಡಿಪುಡಿಯಾಗಿ ಬಂತು.

ಮಾರಿದವನಿಗೆ ಮೆಸೇಜ್ ಹಾಕಿದೆ. "ಐವತ್ತು ವರ್ಷದ ಗಾಡಿ, ಮತ್ತೇನು ಅಂದ್ಕೊಂಡಿದ್ರಿ?" ಫೋಟೋ ಕಳಿಸಿದೆ. "ನೀವೇ ಅಡಿಗೆ ಮಲಗಿ ನೋಡಿದ್ರಲ್ಲ." ದುಡ್ಡು ವಾಪಸ್ ಕೇಳಿದೆ. ಹೆಬ್ಬೆರಳಿನ ಚಿತ್ರ ಒಂದು ಬಂತು, ಅಷ್ಟೇ. ಹೆಬ್ಬೆರಳು!

"ಎಂಒಟಿಯಿಂದ ವಿನಾಯಿತಿ ಇದೆ" ಅಂತ ಹೆಮ್ಮೆಯಿಂದ ಹೇಳಿದ್ದ. ಎಂಒಟಿ ಅಂದ್ರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡೋ ವರ್ಷದ ಪರೀಕ್ಷೆ. ನಿಜವೇ, 2018ರಿಂದ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಗಾಡಿಗೆ ಪರೀಕ್ಷೆ ಕಡ್ಡಾಯ ಅಲ್ಲ. ಹಾಗಂತ ತುಕ್ಕಿಗೇನು ವಿನಾಯಿತಿ ಇಲ್ಲ. ಸರ್ಕಾರಿ ವೆಬ್‌ಸೈಟಲ್ಲಿ ನಂಬರ್ ಹಾಕಿದ್ರೆ ಹಳೇ ಎಂಒಟಿ ಪುಕ್ಕಟೆ ಕಾಣುತ್ತೆ. ಕೊನೇ ಪರೀಕ್ಷೆಯಲ್ಲೇ ಸಿಲ್ ತುಕ್ಕು ಅಂತ ಬರೆದಿತ್ತು. ನಾನು ನೋಡಿದ್ದು ದುಡ್ಡು ಕೊಟ್ಟಮೇಲೆ.

ಎಂಎಕ್ಸ್-5 ಏನು ಸಾಚಾ ಅಲ್ಲ. ಹುಡ್‌ನ (ಮಡಚೋ ಛಾವಣಿಯ) ನೀರು ಇಳಿಯೋ ತೂತು ಕಸದಿಂದ ಕಟ್ಟಿಕೊಂಡ್ರೆ ಹಿಂದಿನ ಚಕ್ರದ ಮುಂದೆ ಸಿಲ್ ಕೊಳೆಯುತ್ತೆ. ಆದ್ರೆ ಅದು ಬಂದಿದ್ದೇ 1989ರಲ್ಲಿ, ವರ್ಷಾವರ್ಷ ಎಂಒಟಿ ಆಗ್ಲೇಬೇಕು, ಬಣ್ಣ ಬಳಿದು ಮುಚ್ಚಿಡೋದು ಅಷ್ಟು ಸುಲಭ ಅಲ್ಲ.

ಎಂಜಿಬಿಯೇ ಬೇಕಾ? ಆಯಸ್ಕಾಂತ ಒಯ್ಯಿರಿ, ತಗಡಿನ ಬದಲು ಪುಟ್ಟಿ ಮೆತ್ತಿದ ಕಡೆ ಅದು ಅಂಟಲ್ಲ. ಜಾಕ್ ಹಾಕಲು ಬಿಡದವನ ಹತ್ರ ಕೊಳ್ಳಬೇಡಿ. ಸಿಲ್ ಮೇಲೆ ಮಿರಮಿರ ಸ್ಟೀಲ್ ಪಟ್ಟಿ ಕಂಡ್ರೆ ತಿರುಗಿ ಮನೆಗೆ ಬನ್ನಿ.

ನಿನ್ನೆ ಅವನದೇ ಇನ್ನೊಂದು ಜಾಹೀರಾತು ನೋಡಿದೆ. ಹಸಿರು ಗಾಡಿ. "ಸಿಲ್ ಹೊಸದು" ಅಂತೆ.