ಚಿತ್ರದಲ್ಲಿ ಒಂದೆಲಗ, ಡಬ್ಬಿಯಲ್ಲಿ ಇನ್ನೇನೋ

ಅಮ್ಮನಿಗೆ 72. ಹೋದ ವರ್ಷದಿಂದ ಮರೆವು ಜಾಸ್ತಿಯಾಗಿದೆ. ನರರೋಗದ ಡಾಕ್ಟರಿಗೆ ತೋರಿಸಿದ್ದೇವೆ, ಮಾತ್ರೆ ನಡೀತಿದೆ. ಆದರೂ ಮನಸ್ಸು ಕೇಳಬೇಕಲ್ಲ, ಬ್ರಾಹ್ಮಿ ಪುಡಿ ತರಿಸಿದೆ. 200 ಗ್ರಾಂಗೆ 340 ರೂಪಾಯಿ. ಡಬ್ಬಿ ಮೇಲೆ ದುಂಡನೆಯ ಒಂದೆಲಗದ ಚಿತ್ರ, ಕೆಳಗೆ 'ಮೆದುಳಿನ ನರಗಳಿಗೆ ರಕ್ಷಣೆ' ಅಂತ ಹಸಿರು ಅಕ್ಷರ.

ನಾವು ಶಿರಸಿ ಕಡೆಯವರು. ಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿ ಅಂದರೆ ಅಮ್ಮ ಒಪ್ಪುವವಳಲ್ಲ. ಹಾಗಾಗಿ ತಂಬುಳಿ ಮಾಡಿದೆ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಕಾಯಿತುರಿ, ಎರಡು ಚಮಚ ಪುಡಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸಿದೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಪಕ್ಕಕ್ಕೆ ಸರಿಸಿದಳು. "ಇದು ಒಂದೆಲಗ ಅಲ್ಲ." ಬೆಳಿಗ್ಗೆ ತಿಂಡಿ ಏನು ತಿಂದೆ ಅಂತ ನೆನಪಿರಲಿಲ್ಲ, ಇದು ಮಾತ್ರ ಗೊತ್ತಾಯಿತು!

ನಾನೂ ರುಚಿ ನೋಡಿದೆ. ವಿಪರೀತ ಕಹಿ. ಡಬ್ಬಿ ತಿರುಗಿಸಿದರೆ ಸಾಸಿವೆಯಷ್ಟು ಅಕ್ಷರದಲ್ಲಿ 'ಬಕೋಪಾ ಮೊನ್ನಿಯೇರಿ'. ಅಂದರೆ ನೀರು ಬ್ರಾಹ್ಮಿ. ಸಣ್ಣ, ದಪ್ಪ ಎಲೆಯ ಬೇರೆಯೇ ಗಿಡ. ನಮ್ಮ ಒಂದೆಲಗ 'ಸೆಂಟೆಲ್ಲಾ ಏಷಿಯಾಟಿಕಾ'. ಎರಡನ್ನೂ ಬ್ರಾಹ್ಮಿ ಅಂತ ಕರೆಯುವುದು ಹಳೇ ಗೊಂದಲ, ಸರಿ. ಆದರೆ ಒಂದರ ಚಿತ್ರ ಹಾಕಿ ಇನ್ನೊಂದನ್ನು ಮಾರೋದು ಯಾವ ನ್ಯಾಯ? ಪುಡಿ ಮಾತ್ರ ನುಣ್ಣಗಿದೆ, ಮಣ್ಣು ಕಲ್ಲು ಇಲ್ಲ, ಅದನ್ನೂ ಹೇಳಬೇಕು.

ಮುಂದಿನ ಸಲ ಡಬ್ಬಿಯನ್ನೇ ಡಾಕ್ಟರ ಮೇಜಿನ ಮೇಲಿಟ್ಟೆ. ನೀರು ಬ್ರಾಹ್ಮಿ ತಿಂದವರ ನೆನಪಿನ ಶಕ್ತಿ ಸ್ವಲ್ಪ ಸುಧಾರಿಸಿದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆಯಂತೆ. ಆದರೆ ಅಲ್ಝೈಮರ್ಸ್ ತಡೆಯುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಮರೆವಿನ ಮಾತ್ರೆ ಜೊತೆಗೆ ಕೇಳದೆ ಕೊಡಬೇಡಿ ಅಂದರು. ಆಮೇಲೆ ಅವರು ವಿಚಾರಿಸಿದ್ದೆಲ್ಲ ಬಿಪಿ, ಸಕ್ಕರೆ, ವಾಕಿಂಗ್, ಕಿವಿ ಬಗ್ಗೆ. ಕಿವಿ ಮಂದವಾದರೂ ಮರೆವಿನ ಅಪಾಯ ಹೆಚ್ಚಂತೆ, ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಡಬ್ಬಿಗೆ ಐದರಲ್ಲಿ ಎರಡು ಸ್ಟಾರ್. ಎರಡೂ ನುಣುಪಿಗೆ. ಒಂದೆಲಗ ಬೇಕಾದವರು ಸೊಪ್ಪಿನವರ ಹತ್ತಿರ ಸರಸ್ವತಿ ಸೊಪ್ಪು ಅಂತ ಕೇಳಿ, ಎಲೆ ನೋಡಿ ತಗೊಳ್ಳಿ. ನಾನು ಬೇರು ಸಮೇತ ಒಂದು ಕಟ್ಟು ತಂದು ಬಾಲ್ಕನಿ ಕುಂಡದಲ್ಲಿ ಊರಿದ್ದೇನೆ. ನೀರು ಹಾಕುವುದು ಅಮ್ಮನ ಕೆಲಸ. ಕೆಲವು ದಿನ ಎರಡೆರಡು ಸಲ ಹಾಕುತ್ತಾಳೆ. ಪುಣ್ಯಕ್ಕೆ, ಅದು ಒದ್ದೆ ಇಷ್ಟಪಡುವ ಗಿಡ.