ಕುಲುಮೆಯ ಕೈಬ್ಲೋವರ್ ರಿಪೇರಿ: ಬದಿಯಡ್ಕ ಕಡೆಯ ಒಂದು ಲೇತ್ ಅಂಗಡಿ

ಹಳೇ ಕೈಬ್ಲೋವರ್, ಅಂದರೆ ಹ್ಯಾಂಡಲ್ ತಿರುಗಿಸಿ ಕುಲುಮೆಯ ಬೆಂಕಿಗೆ ಗಾಳಿ ಊದುವ ಯಂತ್ರ, ಮನೆಯಲ್ಲಿ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಮ್ಮದು ಹನ್ನೊಂದು ವರ್ಷ ಹಟ್ಟಿಯ ಮೂಲೆಯಲ್ಲಿತ್ತು. ಅಪ್ಪ ಊರಿನವರ ಕತ್ತಿ, ಹಾರೆ, ಪಿಕ್ಕಾಸು ಎಲ್ಲಾ ಕಾಯಿಸಿದ್ದು ಅದರ ಗಾಳಿಯಲ್ಲೇ. ಭುಜದ ನೋವು ಜಾಸ್ತಿಯಾಗಿ ಅವರು ಕುಲುಮೆ ಬಿಟ್ಟರು, ಅದೂ ನಿಂತಿತು. ನಮ್ಮ ಕಾಸರಗೋಡಿನ ಮಳೆಗೆ ತುಕ್ಕು ಕೇಳಬೇಕಾ? ಹ್ಯಾಂಡಲ್ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಮೊದಲು ಬೇರೆ ಒಂದು ವರ್ಕ್‌ಶಾಪಿಗೆ ಕೊಟ್ಟು ಬೇಜಾರಾಯಿತು. ಬ್ಲೋವರಿನ ಕಾಲಿನಲ್ಲಿದ್ದ ಬಿರುಕಿಗೆ ಮಾಮೂಲಿ ಕರೆಂಟ್ ವೆಲ್ಡಿಂಗ್ ಹೊಡೆದು, ಗೇರ್ ಪೆಟ್ಟಿಗೆಗೆ ಗ್ರೀಸ್ ತುಂಬಿಸಿ ಕೊಟ್ಟರು. ವಾರವಾಗಿಲ್ಲ, ವೆಲ್ಡಿಂಗಿನ ಪಕ್ಕದಲ್ಲೇ ಹೊಸ ಬಿರುಕು. ತಿರುಗಿಸಲು ಹೋದರೆ ಕೆಸರಿನಲ್ಲಿ ನಡೆದ ಹಾಗೆ.

ಆಮೇಲೆ ಬದಿಯಡ್ಕ ಕಡೆಯ ಈ ಲೇತ್ ಅಂಗಡಿಗೆ ಕೊಟ್ಟೆ. ಅಲ್ಲಿನ ಅಣ್ಣ ಮೊದಲ ದಿನ ಸ್ಪ್ಯಾನರ್ ಮುಟ್ಟಲೇ ಇಲ್ಲ. ಫ್ಯಾನಿನ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ, "ಗೇರಿಗೆ ಏನೂ ಆಗ್ಲಿಲ್ಲ ಮಾರಾಯ್ರೇ, ಬುಶ್ ಸವೆದಿದೆ, ಅದಕ್ಕೇ ರೆಕ್ಕೆ ಬಾಡಿಯ ಒಳಬದಿಗೆ ಉಜ್ಜುತ್ತಾ ಉಂಟು" ಅಂದರು. ಬುಶ್ ಅಂದರೆ ಶಾಫ್ಟ್ ಒಳಗೆ ತಿರುಗುವ ಲೋಹದ ಬಳೆ. ಬಿಚ್ಚಿ ಎರಡು ದಿನ ಡೀಸೆಲಿನಲ್ಲಿ ನೆನೆಹಾಕಿದರು. ಆ ಗ್ರೀಸ್, ಅದರ ಕೆಳಗೆ ಅಪ್ಪನ ಕಾಲದ ಎಣ್ಣೆ ಇದ್ದಿಲ ಪುಡಿಯ ಜೊತೆ ಸೇರಿ ಕಲ್ಲಾದದ್ದು, ಎಲ್ಲಾ ಹಲ್ಲು ಹಲ್ಲಿನ ಸಂದಿಯಿಂದ ಕೆರೆದು ತೆಗೆದರು. ಗನ್‌ಮೆಟಲ್ (ತಾಮ್ರ, ತವರ ಬೆರೆತ ಲೋಹ) ಸರಳಿನಿಂದ ಎರಡು ಬುಶ್ ಕಡೆದು ಕೂರಿಸಿದರು.

ಕಾಲಿನ ಕೆಲಸ ನಾನು ನಿಂತು ನೋಡಿದೆ. ಹಳೇ ವೆಲ್ಡಿಂಗ್ ಪೂರ್ತಿ ಉಜ್ಜಿ ತೆಗೆದು, ಬರೀ ಬಿರುಕನ್ನಲ್ಲ, ಇಡೀ ಕಾಲನ್ನೇ ಗ್ಯಾಸಿನಲ್ಲಿ ಕಾಯಿಸಿ, ಹಿತ್ತಾಳೆ ಸರಳು ಕರಗಿಸಿ ಬಿರುಕಿಗೆ ಇಳಿಸಿದರು. ಆಮೇಲೆ ತಗಡಿನ ಡಬ್ಬದ ಬೂದಿಯೊಳಗೆ ಹೂತಿಟ್ಟರು. ಎರಕದ ಕಬ್ಬಿಣ ಬೇಗ ಆರಿದರೆ ಮತ್ತೆ ಸೀಳುತ್ತದೆ ಅಲ್ವಾ, ಅದಕ್ಕೆ. ಮರುದಿನ ತೆಗೆಯುವಾಗ ಬೂದಿ ಇನ್ನೂ ಬೆಚ್ಚಗಿತ್ತು. ಹಿತ್ತಾಳೆಯ ಹಳದಿ ಗೆರೆಗೆ ಬಣ್ಣ ಬಳಿಯುವುದು ಬೇಡ ಅಂದೆ, ಚೆಂದ ಕಾಣುತ್ತದೆ.

ಈಗ ಹ್ಯಾಂಡಲ್ ತಿರುಗಿಸಿ ಕೈ ಬಿಟ್ಟರೂ ತನ್ನಷ್ಟಕ್ಕೆ ಒಂದೂವರೆ ಸುತ್ತು ಹೋಗಿ ನಿಲ್ಲುತ್ತದೆ. ಗೆರಟೆ (ತೆಂಗಿನ ಚಿಪ್ಪು) ಇದ್ದಿಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕರೆಂಟ್ ಬ್ಲೋವರ್ ಒಂದೇ ಸಮ ಊದಿ ಸುಮ್ನೆ ಕಿಡಿ ಹಾರಿಸುತ್ತದೆ, ಇದ್ದಿಲು ಬೇಗ ಮುಗಿಯುತ್ತದೆ. ಇದರಲ್ಲಿ ಕಬ್ಬಿಣದ ಬಣ್ಣ ನೋಡುತ್ತಾ ಕೈ ನಿಧಾನ ಮಾಡಬಹುದು. ಮೊನ್ನೆ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಕಾಯಿಸುತ್ತಿದ್ದೆ, ಜಗಲಿಯಲ್ಲಿ ಕೂತಿದ್ದ ಅಪ್ಪ ಬರೀ ಶಬ್ದ ಕೇಳಿ, "ಫ್ಯಾನಿನ ಬದಿಗೆ ಎರಡು ಹನಿ ಎಣ್ಣೆ ಬಿಡು" ಅಂದರು. ಬಿಟ್ಟೆ, ಕಿರುಗುಟ್ಟುವುದು ನಿಂತಿತು. ತೆಳು ಎಣ್ಣೆಯೇ ಆಗಬೇಕು, ಪ್ರತಿ ಸಲ ಬೆಂಕಿ ಹಾಕುವ ಮೊದಲು ಬಿಡಬೇಕು. ಕೆಳಗೆ ಸೋರುತ್ತದೆ, ಅದು ರಿಪೇರಿಯ ತಪ್ಪಲ್ಲ, ನಮ್ಮ ಬ್ಲೋವರಿಗೆ ಎಣ್ಣೆ ತಡೆಯುವ ಸೀಲೇ ಇಲ್ಲ. ಒಂದು ಚಿಪ್ಪು ಇಡಿ, ಸಾಕು.

ಒಟ್ಟು 2,800 ರೂಪಾಯಿ ಆಯಿತು, ಬುಶ್ ಸೇರಿ. ಹೇಳಿದ್ದು ಹತ್ತು ದಿನ, ಹಿಡಿದದ್ದು ಐದು ವಾರ. ಅಡಿಕೆಗೆ ಮದ್ದು ಬಿಡುವ ಪಂಪುಗಳು ಅಂಗಡಿ ತುಂಬಾ ಸಾಲುಗಟ್ಟಿದ್ದವು, ಅವನ್ನು ಬಿಟ್ಟು ನಮ್ಮದು ಮಾಡಿ ಅಂತ ಹೇಳುವುದಾದರೂ ಹೇಗೆ? ಜೂನ್ ಜುಲೈಯಲ್ಲಿ ಹೋಗಬೇಡಿ, ದಸರಾ ಕಳೆದ ಮೇಲೆ ಕೊಡಿ.