ಮೊಬೈಲ್ ಒಳಗಿಟ್ಟು ನೋಡಿದ ನಾಟಕ: ಬೆಂಗಳೂರಿನ ಒಂದು ಕ್ವಿಯರ್ ತಂಡದ ಪ್ರದರ್ಶನ

ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ತಂಡದ ಹೆಸರಿಲ್ಲ, ನಟರ ಹೆಸರಿಲ್ಲ, ಫೋಟೋ ಇಲ್ಲ. ನಾಟಕ ಶುರುವಾಗುವ ಮುಂಚೆ ಆಯೋಜಕರು ಕೈ ಮುಗಿದು ಕೇಳಿಕೊಂಡರು. ಇಲ್ಲಿ ಆಡುವ ಕೆಲವರು ತಾವು ಕ್ವಿಯರ್, ಅಂದರೆ ಸಲಿಂಗಪ್ರೇಮಿ ಅಥವಾ ಟ್ರಾನ್ಸ್, ಅಂತ ಇನ್ನೂ ಮನೆಯಲ್ಲಿ ಹೇಳಿಲ್ಲ, ಕೆಲಸದ ಕಡೆಯೂ ಹೇಳಿಲ್ಲ, ದಯವಿಟ್ಟು ಮೊಬೈಲ್ ಒಳಗಿಡಿ ಅಂತ. ಎಲ್ಲರೂ ಇಟ್ಟರು. ಆ ಮಾತು ನನಗೂ ಸೇರಿಯೇ ಹೇಳಿದ್ದು. ಆದರೆ ನಾಟಕದ ಬಗ್ಗೆ ಬರೆಯಲೇಬೇಕು. ಇಷ್ಟು ಒಳ್ಳೆಯ ಕೆಲಸ ಸುಮ್ನೆ ಬಾಯಿಂದ ಬಾಯಿಗೆ ಹೋಗಿ ಅಲ್ಲಿಗೇ ನಿಲ್ಲಬಾರದು.

ನಾನು ಹವ್ಯಾಸಿ ನಾಟಕ ತಂಡಗಳಿಗೆ ಬಟ್ಟೆ ಹೊಲಿಯುವವಳು. ಕಲಾಕ್ಷೇತ್ರ, ಹನುಮಂತನಗರದ ಕೆ.ಎಚ್. ಕಲಾಸೌಧ, ಜೆ.ಪಿ. ನಗರದ ರಂಗಶಂಕರ, ಎಲ್ಲ ಕಡೆಯೂ ನಾನು ಹೊಲಿದ ಬಟ್ಟೆ ರಂಗಕ್ಕೆ ಹೋಗಿದೆ. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದೇ ಬಟ್ಟೆಯ ಕಡೆಗೆ. ನಾಟಕದಲ್ಲಿ ಟ್ರಾನ್ಸ್ ಮಹಿಳೆಯ, ಅಂದರೆ ಹುಟ್ಟಿದಾಗ ಗಂಡು ಅನ್ನಿಸಿಕೊಂಡು ಹೆಣ್ಣಾಗಿ ಬದುಕುವವರ, ಪಾತ್ರ ಇದೆ ಅಂದರೆ ನನಗೆ ಬರುವ ಆರ್ಡರ್ ಹೆಚ್ಚುಕಮ್ಮಿ ಒಂದೇ. ಕೆಂಪು ಸ್ಯಾಟಿನ್ ಇರಲಿ, ಚಮಕಿ ಜಾಸ್ತಿ ಇರಲಿ, ರವಿಕೆಯ ಬೆನ್ನು ಪೂರ್ತಿ ಇಳಿದಿರಲಿ. ಆ ಪಾತ್ರ ಬರುತ್ತದೆ, ಚಪ್ಪಾಳೆ ತಟ್ಟುತ್ತದೆ, ಜನ ನಗುತ್ತಾರೆ, ಹೋಗುತ್ತದೆ. ಹೆಸರೂ ಇರುವುದಿಲ್ಲ.

ಇಲ್ಲಿ ಮೊದಲ ದೃಶ್ಯಕ್ಕೆ ಬಂದ ಅಕ್ಕ ಉಟ್ಟಿದ್ದು ತಿಳಿ ಹಸಿರಿನ ಸಾದಾ ಸಿಂಥೆಟಿಕ್ ಸೀರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ನಾನು ಮುಂದಿನ ಸಾಲಿನಲ್ಲೇ ಇದ್ದೆ, ರವಿಕೆಯ ಪಕ್ಕದ ಹೊಲಿಗೆ ಕಾಣಿಸುತ್ತಿತ್ತು. ಬಿಗಿಯಾಯಿತು ಅಂತ ಒಳಗಿನ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದರು. ಬಿಚ್ಚಿದ ಜಾಗದಲ್ಲಿ ಬಟ್ಟೆಯ ಬಣ್ಣ ಗಾಢವಾಗಿತ್ತು, ಉಳಿದದ್ದು ಒಗೆದು ಒಗೆದು ಮಾಸಿತ್ತು. ಅದು ಅವರು ದಿನಾ ಉಡುವ ಸೀರೆ, ದಿನಾ ಹಾಕುವ ರವಿಕೆ. ಅದರಲ್ಲೇ ಸ್ಟೌ ಮುಂದೆ ಕೂತು ಕಾಫಿ ಸೋಸುತ್ತಾ, ತನ್ನ ಗುರು, ಅಂದರೆ ಸಮುದಾಯದಲ್ಲಿ ತನ್ನನ್ನು ಸೇರಿಸಿಕೊಂಡ ಹಿರಿಯರು, ತನಗೆ ಸೀರೆ ಉಡಿಸಿದ ಕಥೆ ಹೇಳಿದರು. 'ನಿರಿಗೆ ಹಿಡಿಯೋಕೆ ಬರಲ್ವೇನೇ ನಿಂಗೆ' ಅಂತ ಬೈದು, ಬೈಯುತ್ತಲೇ ಮಂಡಿಯೂರಿ ಕೂತು ನಿರಿಗೆ ಸರಿ ಮಾಡಿದ ಗುರು. ಹೇಳುವಾಗ ಇವರ ಕೈ ತಾನಾಗಿ ನಿರಿಗೆ ಮಡಚುತ್ತಿತ್ತು, ಬೆರಳ ಮಧ್ಯೆ ಬಟ್ಟೆಯೇ ಇಲ್ಲದೆ. ಇಂಥ ನಟನೆಯನ್ನು ಯಾವ ಶಿಬಿರದಲ್ಲೂ ಕಲಿಸೋಕಾಗಲ್ಲ.

ನಾಟಕ ಸುಮಾರು ಒಂದೂವರೆ ಗಂಟೆ, ವಿರಾಮ ಇಲ್ಲ. ಕಥೆ ಒಂದೇ ಅಲ್ಲ, ಆಡುವವರು ಒಬ್ಬೊಬ್ಬರಾಗಿ ತಮ್ಮದನ್ನು ಹೇಳುತ್ತಾರೆ, ಉಳಿದವರು ಅದರಲ್ಲಿ ಅಮ್ಮ, ಪೊಲೀಸ್, ಮನೆ ಓನರ್ ಎಲ್ಲ ಆಗುತ್ತಾರೆ. ಮಾತು ಕನ್ನಡ. ನಡುವೆ ತಮಿಳು, ದಖ್ಖನಿ ಉರ್ದು ಬರುತ್ತದೆ. ಶಿವಾಜಿನಗರ, ಹಲಸೂರಿನ ಕಡೆ ಕಿವಿಗೆ ಬೀಳುವ ಹಾಗೆಯೇ. ಯಾರಿಗೂ ಅರ್ಥವಾಗದೆ ಹೋಗಲಿಲ್ಲ.

ಬಾಡಿಗೆ ಮನೆಯ ದೃಶ್ಯ ಅದ್ಭುತವಾಗಿದೆ. ಇಬ್ಬರು ಹುಡುಗಿಯರು, ಪ್ರೇಮಿಗಳು, ಮನೆ ಹುಡುಕುತ್ತಿದ್ದಾರೆ. ಮೊದಲ ಓನರ್ ಆಂಟಿ 'ಅಕ್ಕ ತಂಗೀರಾ?' ಅಂತ ಕೇಳಿದಾಗ ಹೌದು ಅಂದುಬಿಡುತ್ತಾರೆ. ಆಂಟಿ ಆಧಾರ್ ಕಾರ್ಡ್ ಕೇಳುತ್ತಾರೆ, ಅಪ್ಪನ ಹೆಸರು ಬೇರೆ ಬೇರೆ. ಮುಂದಿನ ಮನೆಗೆ ಹೋಗುವಾಗ ದಾರಿಯಲ್ಲಿ ಉತ್ತರ ಅಭ್ಯಾಸ ಮಾಡಿಕೊಳ್ಳುತ್ತಾರೆ. ಬಾಗಿಲು ತೆರೆದ ಕೂಡಲೇ ಒಬ್ಬಳು 'ಕಸಿನ್ಸ್' ಅನ್ನುತ್ತಾಳೆ, ಇನ್ನೊಬ್ಬಳು 'ಕಾಲೇಜ್ ಫ್ರೆಂಡ್ಸ್' ಅನ್ನುತ್ತಾಳೆ. ಸಭೆ ಜೋರಾಗಿ ನಕ್ಕಿತು. ಆ ಆಂಟಿ ಮಾತ್ರ ನಗಲಿಲ್ಲ. ಇಬ್ಬರ ಮುಖವನ್ನೂ ನೋಡಿ, 'ಅಡ್ವಾನ್ಸ್ ಹತ್ತು ತಿಂಗಳದ್ದು, ನೀರು ದಿನ ಬಿಟ್ಟು ದಿನ ಬರುತ್ತೆ' ಅಂದರು. ಅಷ್ಟೇ. ಅವರಿಗೆ ಗೊತ್ತಾಯಿತಾ, ಗೊತ್ತಾಗಿಯೂ ಕೊಟ್ಟರಾ? ನಾಟಕ ಹೇಳುವುದಿಲ್ಲ. ಬರೆದವರು ಅಲ್ಲಿಗೇ ನಿಲ್ಲಿಸಿದ್ದು ನನಗೆ ತುಂಬಾ ಇಷ್ಟವಾಯಿತು.

ಪೊಲೀಸ್ ಸ್ಟೇಷನ್ ದೃಶ್ಯದಲ್ಲಿ ಒಂದು ದಪ್ಪ ರಿಜಿಸ್ಟರ್ ಇದೆ. ಹೆಡ್ ಕಾನ್‌ಸ್ಟೇಬಲ್ ಪಾತ್ರದವರು ಹೆಸರು ಕೂಗುತ್ತಾರೆ, ಪ್ರತಿ ಸಲ ಹುಟ್ಟಿದಾಗ ಇಟ್ಟ ಹೆಸರೇ. ಹೆಸರು ಕರೆಸಿಕೊಂಡ ಟ್ರಾನ್ಸ್ ಪಾತ್ರದವರು ಪ್ರತಿ ಸಲ ಈಗಿನ ಹೆಸರು ಹೇಳಿ ಎದ್ದು ನಿಲ್ಲುತ್ತಾರೆ. ಅದೇ ಮತ್ತೆ ಮತ್ತೆ, ಬೇರೇನೂ ಇಲ್ಲ. ಕಲ್ಪನೆ ಅಂದುಕೊಳ್ಳಬೇಡಿ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನುವ ಕಲಮು ಸೇರಿಸಿದರು. ಹಿಜ್ರಾ ಸಮುದಾಯದವರ ಪಟ್ಟಿ ಇಟ್ಟುಕೊಂಡು, ಅವರ ಮೇಲೆ ಕಣ್ಣಿಡಲು ಪೊಲೀಸರಿಗೆ ಅಧಿಕಾರ ಕೊಟ್ಟ ಕಲಮು ಅದು. ಸಮುದಾಯದವರೇ ಹೈಕೋರ್ಟಿಗೆ ಹೋಗಿ ಹೋರಾಡಿದರು. 2016ರಲ್ಲಿ ಕಾಯ್ದೆಯ ಮಾತು ಬದಲಾಯಿತು. ನಾಟಕದಲ್ಲಿ ಈ ಇಸವಿಗಳನ್ನು ಯಾರೂ ಹೇಳುವುದಿಲ್ಲ, ರಿಜಿಸ್ಟರ್ ಒಂದೇ ಸಾಕಾಗುತ್ತದೆ.

ಟ್ರಾನ್ಸ್ ಬದುಕು ಕನ್ನಡದ ರಂಗಕ್ಕೆ ಬಂದದ್ದು ಇವತ್ತಲ್ಲ. ಟ್ರಾನ್ಸ್ ಲೇಖಕಿ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು 'ಬದುಕು ಬಯಲು' ಅಂತ ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಎಂ. ಗಣೇಶ್ ಅವರ ನಿರ್ದೇಶನದಲ್ಲಿ ಅದನ್ನು ನಾಟಕ ಮಾಡಿ ಊರೂರಿಗೆ ಒಯ್ದಿತು. ತಮಿಳುನಾಡಿನ ನಾಮಕ್ಕಲ್ ಹತ್ತಿರದ ಹಳ್ಳಿಯ ಮಾರಿಯಮ್ಮನ ಹಬ್ಬದಲ್ಲಿ ಕುರತ್ತಿ (ಕೊರವಂಜಿ) ವೇಷ ಹಾಕಿ ಕುಣಿದ ಹುಡುಗನ ಕಥೆ ಅದು. ವೇಷ ಅಂತ ಊರೆಲ್ಲ ಮೆಚ್ಚಿಕೊಂಡಿತು. ಅದೇ ಬಟ್ಟೆ ದಿನಾ ಉಡುತ್ತೇನೆ ಅಂದಾಗ ಮನೆಯವರೇ ಹೊಡೆದರು. ಇನ್ನು ಟ್ರಾನ್ಸ್ ಕಲಾವಿದೆ ನಮ್ಮ ಮಂಜಮ್ಮ ಜೋಗತಿಯವರು ಎಲ್ಲಮ್ಮನ ಕೊಡ ಹೊತ್ತು ಕುಣಿದು, ಮರಿಯಮ್ಮನಹಳ್ಳಿಯಲ್ಲಿ ತಂಡ ಮುನ್ನಡೆಸಿದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂದರೆ ಕನ್ನಡದ ರಂಗದ ಮೇಲೆ ಇವರು ಹೊಸಬರಲ್ಲ. ಊರಿಂದ ಬೆಂಗಳೂರಿಗೆ ಬಂದಾಗ ಜಾಗ ಸಿಗುವುದು ಕಷ್ಟ, ಅಷ್ಟೇ. ದೊಡ್ಡ ಹೋಟೆಲುಗಳಲ್ಲಿ ಡ್ರ್ಯಾಗ್ ಶೋ, ಅಂದರೆ ಗಂಡು ಹೆಣ್ಣಿನ ವೇಷ ಬದಲಿಸಿ ಕುಣಿಯುವ ಶೋ, ಇರುತ್ತದೆ, ಇಂದಿರಾನಗರದ ಕಡೆ ಯಾರು ಬೇಕಾದರೂ ಮೈಕ್ ಹಿಡಿಯುವ ಓಪನ್ ಮೈಕ್ ಇಂಗ್ಲಿಷಿನಲ್ಲಿ ಇರುತ್ತದೆ. ಅವೂ ಬೇಕು. ಆದರೆ ನನ್ನ ಅಂಗಡಿಗೆ ಬರುವ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಈ ನಾಟಕಕ್ಕೆ ನಾನು ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಮಾತಾಡಿದ್ದು ಪೂರ್ತಿ ಆ ಬಾಡಿಗೆ ಮನೆ ಆಂಟಿ ಬಗ್ಗೆಯೇ.

ಕೊರತೆಗಳೂ ಇವೆ. ಟ್ರಾನ್ಸ್ ಪುರುಷನ, ಅಂದರೆ ಹುಟ್ಟಿದಾಗ ಹೆಣ್ಣು ಅನ್ನಿಸಿಕೊಂಡು ಗಂಡಾಗಿ ಬದುಕುವವನ, ಭಾಗ ತೀರಾ ಚಿಕ್ಕದು. ಮೊದಲ ಸಲ ಕಟಿಂಗ್ ಶಾಪಿಗೆ ಹೋಗಿ ಕುರ್ಚಿ ಮೇಲೆ ಕೂತ ಹುಡುಗ, ಯಾವ ಸ್ಟೈಲ್ ಬೇಕು ಅಂತ ಕೇಳಿದರೆ ಮಾತೇ ಹೊರಡುವುದಿಲ್ಲ. ಎಷ್ಟು ಚೆನ್ನಾಗಿ ಶುರುವಾಗಿತ್ತು! ನಾವು ಅವನ ಜೊತೆ ಕೂರುವಷ್ಟರಲ್ಲಿ ಲೈಟ್ ಆರಿತು. ಟ್ರಾನ್ಸ್ ಪುರುಷರ ಕಥೆ ಎಲ್ಲ ಕಡೆಯೂ ಹೀಗೇ ಅಂಚಿಗೆ ಹೋಗುತ್ತದೆ, ಇಲ್ಲಿಯಾದರೂ ಹಾಗಾಗಬಾರದಿತ್ತು. ಕೊನೆಯ ಭಾಗದಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಎಲ್ಲರೂ ಸಾಲಾಗಿ ನಿಂತು ಭಾಷಣದ ಥರ ಹೇಳುತ್ತಾರೆ. ವಿಷಯ ದೊಡ್ಡದೇ, 377ನೇ ಕಲಮಿನ ಅಡಿ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧ ಅನ್ನುವುದು ಹೋದದ್ದು ಸಣ್ಣ ಮಾತಲ್ಲ. ಆದರೆ ಅಲ್ಲಿಯವರೆಗೆ ಮನುಷ್ಯರು ಮಾತಾಡುತ್ತಿದ್ದರು, ಅಲ್ಲಿ ಕರಪತ್ರ ಓದಿದ ಹಾಗಾಯಿತು. ಮತ್ತೆ ಚೌಡಿಕೆಯ ಹಾಡು, ಜೋಗತಿಯರು ಚೌಡಿಕೆ ವಾದ್ಯ ನುಡಿಸಿ ಹಾಡುವಂಥದ್ದು, ಬಂದಾಗ ಜೀವ ಬಂತು. ಧ್ವನಿಯ ಅಭ್ಯಾಸವೂ ಬೇಕು. ಸಂಕಟದ ಮಾತು ಬಂದಾಗ ದನಿ ತಾನಾಗಿ ಇಳಿಯುತ್ತದೆ, ಹಿಂದಿನ ಸಾಲಿಗೆ ಕೇಳಿಸುವುದಿಲ್ಲ.

ಸಭಾಂಗಣದ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಹಗಲು ತಾಲೀಮಿಗೆ ಬಂದ ಟ್ರಾನ್ಸ್ ನಟಿಯರಿಗೆ ಅಲ್ಲಿನ ಕಾವಲಿನವರು ಹೆಂಗಸರ ಶೌಚಾಲಯದ ಬೀಗ ತೆಗೆಯಲಿಲ್ಲವಂತೆ. ಗಂಡಸರದ್ದಕ್ಕೆ ಹೋಗಿ ಅಂದರಂತೆ. ಬಾಡಿಗೆ ಪೂರ್ತಿ ಮುಂಗಡ ತೆಗೆದುಕೊಂಡ ಜಾಗ ಅದು. ಸಂಜೆ ತಂಡದವರೇ ಒಂದು ಬಾಗಿಲಿಗೆ 'ಎಲ್ಲರಿಗೂ' ಅಂತ ಬರೆದ ಹಾಳೆ ಅಂಟಿಸಿದ್ದರು. ಸಭಾಂಗಣ ನಡೆಸುವ ಯಾರಾದರೂ ಇದನ್ನು ಓದುತ್ತಿದ್ದರೆ, ಅಂಥ ಹಾಳೆಯನ್ನು ನೀವೇ ಅಂಟಿಸಿ. ಖರ್ಚೇನೂ ಇಲ್ಲ, ಅಲ್ವಾ?

ಹೋಗಬೇಕು ಅನ್ನುವವರಿಗೆ. ಇಂಥ ಪ್ರದರ್ಶನಗಳ ಪೋಸ್ಟರ್ ಗೋಡೆ ಮೇಲೆ ಕಾಣುವುದು ಕಮ್ಮಿ. ನವೆಂಬರಿನಲ್ಲಿ ಬೆಂಗಳೂರಿನ ಕ್ವಿಯರ್ ಸಮುದಾಯದ ನಮ್ಮ ಪ್ರೈಡ್ ಮೆರವಣಿಗೆಯ ಆಸುಪಾಸಿನಲ್ಲಿ ಕಣ್ಣಿಟ್ಟಿರಿ. ಆಗ ನಗರದಲ್ಲಿ ನಾಟಕ, ಹಾಡು, ಕುಣಿತ ಎಲ್ಲ ಒಟ್ಟಿಗೆ ಬರುತ್ತವೆ. ನಾನು ನೋಡಿದ್ದಕ್ಕೆ ಟಿಕೆಟ್ ಇರಲಿಲ್ಲ, ಬಾಗಿಲ ಹತ್ತಿರ ಡಬ್ಬಿ ಇಟ್ಟಿದ್ದರು. ಸಿನಿಮಾಕ್ಕೆ ಕೊಡುವಷ್ಟಾದರೂ ಹಾಕಿ, ಆ ಹಣದಲ್ಲೇ ಮುಂದಿನ ಹಾಲ್ ಬುಕ್ ಆಗಬೇಕು. ಮುಂದಿನ ಎರಡು ಸಾಲು ನೆಲದ ಮೇಲೆ ಜಮಖಾನ. ಮಂಡಿ ನೋವಿದ್ದವರು ಮೊದಲೇ ಹೇಳಿದರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಡುತ್ತಾರೆ. ಆದರೂ ಆದಷ್ಟು ಮುಂದೆಯೇ ಕೂತುಕೊಳ್ಳಿ, ಮಾತು ಕೇಳಿಸುವುದು ಅಲ್ಲೇ.